ಬಹುಮಾನದ ಕುದುರೆಗಳು ಮತ್ತು ಛಾಯಾಚಿತ್ರದ ಸಾಕ್ಷ್ಯ

19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನ ಕೃಷಿಪ್ರದರ್ಶನಗಳಲ್ಲಿ ಬಹುಮಾನ ಪಡೆದ ಹೆಣ್ಣು ಕುದುರೆಗಳ ಛಾಯಾಚಿತ್ರಗಳನ್ನು ಸಾಲಾಗಿ ಜೋಡಿಸಿ ನೋಡಿದರೆ, ಅವೆಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುತ್ತವೆ. ಕುದುರೆ ತನ್ನ ಪಾರ್ಶ್ವವನ್ನು ನಮಗೆ ತೋರಿಸಿ ನಿಂತಿರುತ್ತದೆ. ನಾಲ್ಕು ಕಾಲುಗಳೂ ಒಂದನ್ನೊಂದು ಮರೆಮಾಡದಂತೆ ಅವುಗಳನ್ನು ಜಾಗರೂಕತೆಯಿಂದ ಇರಿಸಲಾಗಿರುತ್ತದೆ. ಕಿವಿಗಳು ನಿಮಿರಿವೆ, ಕೊರಳ ಜೂಲನ್ನು ನಾರು ಸೇರಿಸಿ ಹೆಣೆದಿದ್ದಾರೆ, ತಲೆಯ ಬಳಿ ಟೋಪಿ ಧರಿಸಿದ ಆಳೊಬ್ಬನು ಹಗ್ಗವನ್ನು ಹಿಡಿದು ನಿಂತಿದ್ದಾನೆ. ಕೆಲವು ಚಿತ್ರಗಳಲ್ಲಿ ತಾಯಿಯ ಪಕ್ಕದಲ್ಲಿ ಮಂಜಿನ ಮುದ್ದೆಯಂತೆ ಏನೋ ಒಂದು ಕಾಣುತ್ತದೆ. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಅದು ಮರಿಯೆಂದು ತಿಳಿಯುತ್ತದೆ. ತಾಯಿ ನಿಂತಿತು, ಮರಿ ನಿಲ್ಲಲಿಲ್ಲ, ಅಷ್ಟೇ ವ್ಯತ್ಯಾಸ.

ಇಂತಹ ಚಿತ್ರಗಳನ್ನು ಕುದುರೆಯ ಮೇಲಿನ ಅಕ್ಕರೆಯಿಂದ ನೋಡುವವರು ಅನೇಕರಿದ್ದಾರೆ. ಭೌತವಿಜ್ಞಾನದ ವಿದ್ಯಾರ್ಥಿ ಅವನ್ನು ಬೇರೊಂದು ದೃಷ್ಟಿಯಿಂದಲೂ ನೋಡಬಹುದು. ಛಾಯಾಚಿತ್ರವೆಂಬುದು ಒಂದು ಅಳತೆಯ ಉಪಕರಣದಿಂದ ದೊರೆತ ದಾಖಲೆ. ಪ್ರತಿಯೊಂದು ಉಪಕರಣಕ್ಕೂ ಅದರದೇ ಆದ ದೋಷಗಳಿರುವಂತೆ ಕ್ಯಾಮೆರಾಕ್ಕೂ ಇವೆ. ಚಿತ್ರದಲ್ಲಿ ಕಾಣುವುದರಲ್ಲಿ ಕುದುರೆಯ ಗುಣ ಎಷ್ಟು, ಮಸೂರದ ಗುಣ ಎಷ್ಟು, ರಾಸಾಯನಿಕ ಲೇಪದ ಗುಣ ಎಷ್ಟು ಎಂಬುದನ್ನು ಬೇರ್ಪಡಿಸದೆ ಆ ಚಿತ್ರವನ್ನು ಸಾಕ್ಷ್ಯವಾಗಿ ಅಂಗೀಕರಿಸಲಾಗದು. ಇದು ಕೇವಲ ವಿನೋದದ ವಿಚಾರವಲ್ಲ. ಈ ತಳಿಗಳಲ್ಲಿ ಕೆಲವು ಇಂದು ಅಳಿವಿನ ಅಂಚಿನಲ್ಲಿವೆ. ಹೊಲವನ್ನು ಉಳುತ್ತಿದ್ದ ಕಾಲದಲ್ಲಿ ಅವು ಹೇಗಿದ್ದವು, ಈಗಿನವು ಅವುಗಳಂತೆಯೇ ಇವೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಕ್ಷಿಗಳಲ್ಲಿ ಮುಖ್ಯವಾದವು ಈ ಮಾಸಿದ ಚಿತ್ರಗಳೇ.

ಭಾರದ ತಳಿಗಳು

ಪಂದ್ಯದ ಕುದುರೆಯನ್ನೋ ಜಟಕಾ ಕುದುರೆಯನ್ನೋ ಮಾತ್ರ ಕಂಡವರಿಗೆ ಭಾರದ ತಳಿಗಳ ಗಾತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಪಂದ್ಯದ ಕುದುರೆಯ ತೂಕ ಸುಮಾರು 500 ಕಿಲೋಗ್ರಾಂ. ಇಂಗ್ಲೆಂಡಿನ ಷೈರ್ ತಳಿಯ ಕುದುರೆ 1000 ಕಿಲೋಗ್ರಾಮನ್ನು ಮೀರುವುದೂ ಉಂಟು. ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್ ಪ್ರಾಂತದ ಕ್ಲೈಡ್ಸ್‌ಡೇಲ್, ಪೂರ್ವ ಇಂಗ್ಲೆಂಡಿನ ಸಫೋಕ್, ಫ್ರಾನ್ಸಿನ ಪರ್ಷ್ ಪ್ರದೇಶದ ಪರ್ಷೆರಾನ್, ಬೆಲ್ಜಿಯಂ ದೇಶದ ಬ್ರಬಾಂಟ್ ಇವು ಈ ವರ್ಗದ ಇತರ ಪ್ರಸಿದ್ಧ ತಳಿಗಳು. ಷೈರ್ ಮತ್ತು ಕ್ಲೈಡ್ಸ್‌ಡೇಲ್ ಕುದುರೆಗಳ ಗೊರಸಿನ ಮೇಲೆ ನೀಳವಾದ ರೋಮದ ಗೊಂಚಲು ಇಳಿಬಿದ್ದಿರುತ್ತದೆ. ಸಫೋಕಿನ ಕಾಲು ಬೋಳು. ಜೇಡಿಮಣ್ಣಿನ ನಾಡಿನಲ್ಲಿ ರೋಮಕ್ಕೆ ಕೆಸರು ಮೆತ್ತಿಕೊಳ್ಳದಿರುವುದು ದೊಡ್ಡ ಅನುಕೂಲ.

ಬ್ರಿಟನ್ನಿನ ಮೂರು ತಳಿಗಳಿಗೂ ವಂಶಾವಳಿಯನ್ನು ಬರೆದಿಡುವ ಸಂಘಗಳು ಒಂದೆರಡು ವರ್ಷಗಳ ಅಂತರದಲ್ಲಿ ಹುಟ್ಟಿದವು. ಕ್ಲೈಡ್ಸ್‌ಡೇಲ್ ಮತ್ತು ಸಫೋಕ್ ಸಂಘಗಳು 1877ರಲ್ಲಿ, ಬಂಡಿಕುದುರೆಗಳ ಸಂಘ 1878ರಲ್ಲಿ ಸ್ಥಾಪಿತವಾದವು. ಈ ಕೊನೆಯದು 1884ರಲ್ಲಿ ಷೈರ್ ಸಂಘವೆಂಬ ಹೆಸರನ್ನು ತಳೆಯಿತು. ಇದೇ ಕಾಲದಲ್ಲಿ ಜಿಲಾಟಿನ್ ಲೇಪದ ಒಣ ಫಲಕಗಳು ಪೇಟೆಯಲ್ಲಿ ದೊರೆಯಲಾರಂಭಿಸಿದವು. ವಂಶಾವಳಿಯ ಪುಸ್ತಕವೂ ಛಾಯಾಚಿತ್ರವೂ ಜೊತೆಜೊತೆಯಾಗಿ ಬೆಳೆದುದರಿಂದಲೇ ಬಹುಮಾನದ ಕುದುರೆಗಳ ಇಷ್ಟೊಂದು ಚಿತ್ರಗಳು ನಮಗೆ ಉಳಿದಿವೆ. ಲ್ಯಾನಾರ್ಕ್‌ಷೈರಿನ ವಿಷಾ ಎಂಬ ಊರಿನಲ್ಲಿದ್ದ ಚಾರ್ಲ್ಸ್ ರೀಡ್ ಎಂಬ ಛಾಯಾಚಿತ್ರಕಾರನು ಪ್ರಾಣಿಗಳ ಚಿತ್ರಗಳಿಂದಲೇ ಹೆಸರಾದವನು. ಕ್ಲೈಡ್ಸ್‌ಡೇಲಿನ ತವರಿನಲ್ಲಿಯೇ ಅವನ ವಾಸ. ಫ್ರಾನ್ಸಿನಲ್ಲಿ ಇದಕ್ಕೂ ಮೊದಲೇ, 1850ರ ದಶಕದಲ್ಲಿ, ಪ್ರಸಿದ್ಧ ಛಾಯಾಚಿತ್ರಕಾರ ನಾಡಾರನ ತಮ್ಮನಾದ ಆಡ್ರಿಯನ್ ಟೂರ್ನಷೋನನು ಪ್ಯಾರಿಸ್ಸಿನ ಕೃಷಿಪ್ರದರ್ಶನಗಳಲ್ಲಿ ಬಹುಮಾನ ಪಡೆದ ಪ್ರಾಣಿಗಳನ್ನು ಚಿತ್ರಿಸಿದ್ದನು.

ಅದಕ್ಕೂ ಹಿಂದಿನವು ನಮಗಿಲ್ಲ. ಇಂದಿನ ಕ್ಲೈಡ್ಸ್‌ಡೇಲ್ ಕುದುರೆಗಳಲ್ಲಿ ಬಹುಪಾಲು ಯಾವ ತಾಯಿಯ ವಂಶಕ್ಕೆ ಸೇರುತ್ತವೆಯೋ ಆ ಲ್ಯಾಂಪಿಟ್ಸ್ ಎಂಬ ಹೊಲಮನೆಯ ಹೆಣ್ಣು ಕುದುರೆ ಹುಟ್ಟಿದುದು 1806ರಲ್ಲಿ. ಡಾಗೇರನು ತನ್ನ ವಿಧಾನವನ್ನು ಪ್ರಕಟಿಸಿದುದು 1839ರಲ್ಲಿ. ಇಡೀ ತಳಿಗೆ ತಾಯಿಯಾದವಳ ಮುಖ ಹೇಗಿತ್ತೆಂಬುದು ಯಾವ ಫಲಕದ ಮೇಲೂ ಮೂಡಲಿಲ್ಲ.

ಹಿಂದಿನ ವರ್ಣಚಿತ್ರಗಳಿವೆಯಲ್ಲ ಎಂದು ಕೇಳಬಹುದು. ಅವುಗಳನ್ನು ನಂಬುವಂತಿಲ್ಲ. ಮರದ ಅಚ್ಚಿನ ಕೆತ್ತನೆಯಲ್ಲಿ ಹೆಸರಾದ ತಾಮಸ್ ಬೀವಿಕ್ (1753–1828) ತನ್ನ ಆತ್ಮವೃತ್ತದಲ್ಲಿ ಒಂದು ಪ್ರಸಂಗವನ್ನು ತಿಳಿಸಿದ್ದಾನೆ. ಶ್ರೀಮಂತ ಪಶುಪಾಲಕರು ತಮ್ಮ ದನಕುರಿಗಳ ಚಿತ್ರ ಬರೆಸಲು ಕರೆಸಿ, ಪ್ರಾಣಿಯ ಮೈಮೇಲೆ ಇಲ್ಲದ ಕೊಬ್ಬನ್ನು ಚಿತ್ರದಲ್ಲಿ ಸೇರಿಸಬೇಕೆಂದು ಬಯಸಿದರಂತೆ, ಅವನು ಒಪ್ಪಲಿಲ್ಲ. ಒಪ್ಪಿದ ಚಿತ್ರಕಾರರಿಗೆ ಬರಗಾಲವಿರಲಿಲ್ಲ. ಆದುದರಿಂದಲೇ, ಸೂರ್ಯನ ಬೆಳಕೇ ಬರೆದ ಚಿತ್ರ ಸುಳ್ಳು ಹೇಳಲಾರದೆಂಬ ನಂಬಿಕೆಯಿಂದ ಜನರು ಛಾಯಾಚಿತ್ರವನ್ನು ಸ್ವಾಗತಿಸಿದರು. ಆ ನಂಬಿಕೆ ಎಷ್ಟು ಸರಿ ಎಂಬುದನ್ನು ಈಗ ಪರೀಕ್ಷಿಸೋಣ.

ಬಣ್ಣದ ಮೋಸ

ಸಫೋಕ್ ಕುದುರೆಗಳೆಲ್ಲವೂ ಕೆಂಗಂದು ಬಣ್ಣದವು. ಬೇರೆ ಬಣ್ಣಕ್ಕೆ ಆ ತಳಿಯಲ್ಲಿ ಎಡೆಯಿಲ್ಲ. ಆದರೆ ಹಳೆಯ ಚಿತ್ರಗಳಲ್ಲಿ ಅವು ಹೆಚ್ಚುಕಡಮೆ ಕಪ್ಪಾಗಿ ಕಾಣುತ್ತವೆ. ಕಾರಣವನ್ನು ತಿಳಿಯಲು ಛಾಯಾಫಲಕದ ಲೇಪವನ್ನು ಪರಿಶೀಲಿಸಬೇಕು.

ಫಲಕದ ಮೇಲಿರುವ ಬೆಳ್ಳಿಯ ಬ್ರೋಮೈಡ್ ಕಣಗಳು ಬೆಳಕನ್ನು ಹೀರಿ ಬದಲಾವಣೆ ಹೊಂದುತ್ತವೆ. ಆದರೆ ಎಲ್ಲ ಬೆಳಕನ್ನೂ ಅವು ಹೀರಲಾರವು. ಬೆಳಕಿನ ಪ್ರತಿಯೊಂದು ಕಣದ ಶಕ್ತಿಯೂ ಅದರ ತರಂಗದೂರಕ್ಕೆ ವಿಲೋಮವಾಗಿರುತ್ತದೆ. ನೇರಿಳೆ ಮತ್ತು ನೀಲಿ ಬೆಳಕಿನ ಕಣಗಳಿಗೆ ಈ ಬದಲಾವಣೆಯನ್ನು ಉಂಟುಮಾಡುವಷ್ಟು ಶಕ್ತಿಯಿದೆ. ಸುಮಾರು 500 ನ್ಯಾನೋಮೀಟರಿಗಿಂತ ಹೆಚ್ಚು ತರಂಗದೂರವುಳ್ಳ ಹಸಿರು, ಹಳದಿ, ಕೆಂಪು ಬೆಳಕುಗಳಿಗೆ ಅದಿಲ್ಲ. ಕೆಂಗಂದು ಮೈಯಿಂದ ಪ್ರತಿಫಲಿಸುವುದು ಬಹುತೇಕ ಕೆಂಪು, ಹಳದಿ ಬೆಳಕುಗಳೇ. ಫಲಕದ ಪಾಲಿಗೆ ಅವು ಇಲ್ಲದಂತೆಯೇ. ಹೀಗಾಗಿ ಬಿಸಿಲಿನಲ್ಲಿ ತಾಮ್ರದಂತೆ ಹೊಳೆಯುತ್ತಿದ್ದ ಕುದುರೆ ಚಿತ್ರದಲ್ಲಿ ಇದ್ದಲಿನಂತಾಯಿತು. ನೀಲಿಯ ಆಕಾಶವಾದರೋ ಬರಿಯ ಬಿಳಿ ಹಾಳೆಯಾಯಿತು. ಹಳೆಯ ಚಿತ್ರಗಳಲ್ಲಿ ಮೋಡಗಳು ಅಪರೂಪವಾಗಿರುವುದಕ್ಕೆ ಇದೇ ಕಾರಣ.

1873ರಲ್ಲಿ ಜರ್ಮನಿಯ ಹೆರ್ಮಾನ್ ಫೋಗಲ್ ಎಂಬ ವಿಜ್ಞಾನಿ ಲೇಪಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದು ಹಸಿರು ಬೆಳಕಿಗೂ ಸ್ಪಂದಿಸುವುದೆಂದು ಕಂಡುಹಿಡಿದನು. ಕೆಂಪನ್ನೂ ಗ್ರಹಿಸುವ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದುದು 1906ರಲ್ಲಿ. ಆದ್ದರಿಂದ ಆ ಕಾಲಕ್ಕಿಂತ ಮುಂಚಿನ ಚಿತ್ರವೊಂದನ್ನು ನೋಡಿ "ಈ ಕುದುರೆ ಕಪ್ಪು" ಎಂದು ತೀರ್ಮಾನಿಸುವುದು ದುಡುಕು. ವಂಶಾವಳಿಯ ಪುಸ್ತಕವನ್ನು ತೆರೆದು ಬಣ್ಣವನ್ನು ತಿಳಿದುಕೊಳ್ಳಬೇಕು. ಬೂದುಬಣ್ಣದ ಪರ್ಷೆರಾನಿಗೆ ಇದಕ್ಕೆ ವಿರುದ್ಧವಾದ ಕಷ್ಟ. ಅದರ ತೆಳುಬಿಳುಪಿನ ಬೆನ್ನು ಬಿಳಿಯ ಆಕಾಶದಲ್ಲಿ ಕರಗಿಹೋಗುತ್ತದೆ. ಆಗ ಚಿತ್ರಕಾರನು ಕುಂಚದಿಂದ ಬೆನ್ನಿನ ಗೆರೆಯನ್ನು ತಿದ್ದುತ್ತಿದ್ದನು. ತಿದ್ದುವ ಕೈಯಲ್ಲಿ ಕುಂಚವಿರುವಾಗ ಬೆನ್ನಿನ ಡೊಂಕು ಸ್ವಲ್ಪ ನೇರವಾದರೆ ಆಶ್ಚರ್ಯವಿಲ್ಲ.

ನಿಂತ ಕುದುರೆ, ಓಡುವ ಕುದುರೆ

1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ಫಲಕಗಳಿಗೆ ಒಳ್ಳೆಯ ಬಿಸಿಲಿನಲ್ಲಿಯೂ ಕೆಲವು ಸೆಕೆಂಡುಗಳ ಕಾಲ ಬೆಳಕು ಬೇಕಾಗುತ್ತಿತ್ತು. ಎರಡು ಸೆಕೆಂಡುಗಳ ಅವಧಿಯಲ್ಲಿ ಬಾಲವು ಸೆಕೆಂಡಿಗೆ 10 ಸೆಂಟಿಮೀಟರಿನಷ್ಟು ನಿಧಾನವಾಗಿ ತೂಗಿದರೂ ಅದರ ಬಿಂಬ 20 ಸೆಂಟಿಮೀಟರ್ ಅಗಲದ ಹೊಗೆಯಾಗುತ್ತದೆ. ನೊಣವೊಂದು ಕೂತರೆ ಸಾಕು, ಕಾಲು ಮಾಯ. ಸೌಮ್ಯಸ್ವಭಾವದ, ವಯಸ್ಸಾದ ಹೆಣ್ಣು ಕುದುರೆಗಳು ಹಳೆಯ ಚಿತ್ರಗಳಲ್ಲಿ ಸ್ಪಷ್ಟವಾಗಿ ಮೂಡಿರುವುದೂ ಮರಿಗಳು ಮಂಜಾಗಿರುವುದೂ ಇದರಿಂದಲೇ. ತಳಿಗಾರರು ಮೆಚ್ಚುವ ಶಾಂತಗುಣವನ್ನು ಛಾಯಾಫಲಕ ತನ್ನದೇ ರೀತಿಯಲ್ಲಿ ಆರಿಸಿಕೊಂಡಿತೆನ್ನಬೇಕು.

ಓಡುವ ಕುದುರೆಯನ್ನು ಹಿಡಿದ ಕಥೆ ಪ್ರಸಿದ್ಧವಾದುದು. ಇದು ಭಾರದ ಕುದುರೆಯ ಕಥೆಯಲ್ಲದಿದ್ದರೂ ಇಲ್ಲಿ ಹೇಳದೆ ಬಿಡಲು ಮನಸ್ಸು ಬರುವುದಿಲ್ಲ. 1878ರ ಜೂನ್ 19ರಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತನು ಸಾಲಿ ಗಾರ್ಡ್ನರ್ ಎಂಬ ಹೆಣ್ಣು ಕುದುರೆಯ ನಾಗಾಲೋಟವನ್ನು ಸಾಲಾಗಿ ಇರಿಸಿದ ಕ್ಯಾಮೆರಾಗಳಿಂದ ಚಿತ್ರಿಸಿದನು. ಕುದುರೆ ಒಂದು ಮೈಲಿಗೆ 1 ನಿಮಿಷ 40 ಸೆಕೆಂಡಿನ ವೇಗದಲ್ಲಿ ಓಡುತ್ತಿತ್ತೆಂದೂ, ಚಿತ್ರಗಳ ನಡುವಣ ಅಂತರ 27 ಅಂಗುಲವೆಂದೂ, ಕಾಲ ಸೆಕೆಂಡಿನ 25ನೆಯ ಒಂದು ಭಾಗವೆಂದೂ, ಪ್ರತಿ ಫಲಕಕ್ಕೂ ಬೆಳಕು ಬಿದ್ದುದು ಸೆಕೆಂಡಿನ 2000ದ ಒಂದು ಭಾಗಕ್ಕಿಂತ ಕಡಮೆಯೆಂದೂ ಅವನು ಪ್ರಕಟಿಸಿದ ಚಿತ್ರಪತ್ರದಲ್ಲಿ ಅಚ್ಚಾಗಿದೆ. ಈ ಅಂಕಿಗಳು ಪರಸ್ಪರ ಹೊಂದುತ್ತವೆಯೇ? ಒಂದು ಮೈಲಿ 1609 ಮೀಟರ್. 100 ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 16.1 ಮೀಟರ್. 27 ಅಂಗುಲ, ಅಂದರೆ 0.686 ಮೀಟರ್ ದೂರವನ್ನು ಕ್ರಮಿಸಲು 0.0426 ಸೆಕೆಂಡು ಬೇಕು. ಇದು ಸೆಕೆಂಡಿನ ಸುಮಾರು 23ರಲ್ಲೊಂದು ಭಾಗ. 25 ಎಂದು ಹೇಳಿದುದು ತಕ್ಕಮಟ್ಟಿಗೆ ಸರಿಯೇ. ಇನ್ನು ಸೆಕೆಂಡಿನ 2000ದ ಒಂದು ಭಾಗದಲ್ಲಿ ಕುದುರೆಯ ಮೈ 8 ಮಿಲಿಮೀಟರಿನಷ್ಟು ಮುಂದೆ ಸರಿಯುತ್ತದೆ. ಮುಂದಕ್ಕೆ ಬೀಸುವ ಕಾಲು ಇದರ ಇಮ್ಮಡಿ ಸರಿಯಬಹುದು. ಆದರೆ ನೆಲವನ್ನು ಒತ್ತಿ ನಿಂತ ಗೊರಸು ಆ ಕ್ಷಣದಲ್ಲಿ ಸ್ವಲ್ಪವೂ ಚಲಿಸುವುದಿಲ್ಲ. ಉರುಳುವ ಚಕ್ರದಲ್ಲಿ ನೆಲ ಮುಟ್ಟುವ ಬಿಂದುವಿನಂತೆ ಅದು ನಿಶ್ಚಲ. ಎಷ್ಟೇ ವೇಗದ ಕುದುರೆಯ ಚಿತ್ರದಲ್ಲಿಯೂ ನೆಲದ ಮೇಲಿನ ಗೊರಸು ಚೊಕ್ಕವಾಗಿ ಕಾಣುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ನಾಲ್ಕು ಗೊರಸುಗಳೂ ನೆಲವನ್ನು ಬಿಟ್ಟಿರುವ ಕ್ಷಣ ಒಂದಿದೆಯೆಂದೂ, ಆಗ ಕಾಲುಗಳು ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದುಮುಂದಕ್ಕೆ ಚಾಚಿರದೆ ಹೊಟ್ಟೆಯ ಕೆಳಗೆ ಮಡಿಚಿರುತ್ತವೆಂದೂ ಇದರಿಂದ ಸಿದ್ಧವಾಯಿತು. ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ 781 ಫಲಕಗಳ ಮಹಾಸಂಗ್ರಹದಲ್ಲಿ ಆನಿ ಜಿ. ಎಂಬ ಮತ್ತೊಂದು ಹೆಣ್ಣು ಕುದುರೆಯ ಓಟವಿದೆ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಓಟದ 5 ಚಿತ್ರಗಳನ್ನು ಸಂಕೇತರೂಪಕ್ಕೆ ತಿರುಗಿಸಿ ಬ್ಯಾಕ್ಟೀರಿಯಗಳ ಡಿಎನ್‌ಎಯಲ್ಲಿ ಬರೆದು ಮತ್ತೆ ಓದಿ ತೆಗೆದರು. ಗಾಜಿನ ಫಲಕದಿಂದ ಜೀವಕೋಶದವರೆಗೆ ಓಡಿದ ಕುದುರೆ ಇದೊಂದೇ ಇರಬೇಕು.

ಎತ್ತರವನ್ನು ಅಳೆಯುವ ಬಗೆ

ಕುದುರೆಯ ಎತ್ತರವನ್ನು ಅದರ ಹೆಗಲಿನವರೆಗೆ ಅಳೆಯುವುದು ವಾಡಿಕೆ. ಆಂಗ್ಲರ ಮಾನ ‘ಹ್ಯಾಂಡ್’. ಅದು ಅಂಗೈಯ ಅಗಲದಿಂದ ಬಂದುದು, 4 ಅಂಗುಲಕ್ಕೆ ಸಮ. 16.3 ಹ್ಯಾಂಡ್ ಎಂದು ಬರೆದಿದ್ದರೆ ಅದನ್ನು ದಶಮಾಂಶವೆಂದು ತಿಳಿಯಬಾರದು. 16 ಹ್ಯಾಂಡ್ ಮತ್ತು 3 ಅಂಗುಲ, ಅಂದರೆ 67 ಅಂಗುಲ ಅಥವಾ 1.70 ಮೀಟರ್ ಎಂದರ್ಥ.

ಚಿತ್ರದಲ್ಲಿ ಪಕ್ಕದಲ್ಲಿ ನಿಂತ ಮನುಷ್ಯನೊಡನೆ ಹೋಲಿಸಿ ಕುದುರೆಯ ಎತ್ತರವನ್ನು ಹೇಳಬಹುದೆಂದು ತೋರುತ್ತದೆ. ಮೋಸ ಅಡಗಿರುವುದು ಇಲ್ಲಿಯೇ. ಕ್ಯಾಮೆರಾದಿಂದ 5 ಮೀಟರ್ ದೂರದಲ್ಲಿ 1.80 ಮೀಟರ್ ಎತ್ತರದ ಕುದುರೆ ನಿಂತಿದೆಯೆನ್ನೋಣ. ಆಳಿನ ಎತ್ತರ 1.70 ಮೀಟರ್. ಬಿಂಬದ ಗಾತ್ರ ದೂರಕ್ಕೆ ವಿಲೋಮವಾಗಿರುವುದರಿಂದ, ಆಳು ಕುದುರೆಗಿಂತ 1 ಮೀಟರ್ ಹಿಂದೆ ಸರಿದು ನಿಂತರೆ ಅವನ ಬಿಂಬ ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ, ಅವನು 1.42 ಮೀಟರಿನವನಂತೆ ಕಾಣುತ್ತಾನೆ. ಅವನನ್ನು ನಂಬಿ ಲೆಕ್ಕ ಹಾಕಿದವನಿಗೆ ಕುದುರೆಯ ಎತ್ತರ 2.16 ಮೀಟರ್ ಎಂದು ದೊರೆಯುತ್ತದೆ! ಅದೇ ಆಳು 1 ಮೀಟರ್ ಮುಂದೆ ಬಂದು ನಿಂತರೆ ಕುದುರೆ 1.44 ಮೀಟರಿಗೆ ಕುಗ್ಗಿ ತಟ್ಟುವಿನ ಅಂತಸ್ತಿಗೆ ಇಳಿಯುತ್ತದೆ. ಮಾರುವವನು ಆಳನ್ನು ಎಲ್ಲಿ ನಿಲ್ಲಿಸುತ್ತಿದ್ದನೆಂದು ಹೇಳಬೇಕಾಗಿಲ್ಲ. ಕುಳ್ಳನಾದ ಆಳನ್ನೇ ಆರಿಸಿದರೆ ಇನ್ನೂ ಲಾಭ.

ಈ ಮೋಸವನ್ನು ಗೆಲ್ಲಲು ಒಂದು ಸೊಗಸಾದ ಉಪಾಯವುಂಟು. ಸಮತಲವಾದ ಬಯಲಿನಲ್ಲಿ ಕ್ಯಾಮೆರಾದ ಮಸೂರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿರುವ ಎಲ್ಲ ಬಿಂದುಗಳೂ, ಅವು ಹತ್ತಿರವಿರಲಿ ದೂರವಿರಲಿ, ಚಿತ್ರದಲ್ಲಿ ದಿಗಂತರೇಖೆಯ ಮೇಲೆಯೇ ಬೀಳುತ್ತವೆ. ಆದುದರಿಂದ ದಿಗಂತರೇಖೆ ಮನುಷ್ಯನನ್ನೂ ಕುದುರೆಯನ್ನೂ ನೆಲದಿಂದ ಒಂದೇ ಎತ್ತರದಲ್ಲಿ ಕತ್ತರಿಸುತ್ತದೆ. 1.70 ಮೀಟರಿನ ಮನುಷ್ಯನನ್ನು ಅದು ಅವನ ಎತ್ತರದ ಹತ್ತರಲ್ಲಿ ಎಂಟು ಭಾಗದ ಮಟ್ಟದಲ್ಲಿ ಕತ್ತರಿಸಿದರೆ ಮಸೂರದ ಎತ್ತರ 1.36 ಮೀಟರ್ ಎಂದಾಯಿತು. ಇನ್ನು ಅಡಿಕೋಲಿನಿಂದ ಕುದುರೆಯ ಬಿಂಬವನ್ನು ಅಳೆಯಿರಿ: ಗೊರಸಿನಿಂದ ದಿಗಂತರೇಖೆಯವರೆಗೆ 4 ಸೆಂಟಿಮೀಟರ್, ಹೆಗಲಿನವರೆಗೆ 5 ಸೆಂಟಿಮೀಟರ್ ಇದ್ದರೆ, ಕುದುರೆಯ ನಿಜವಾದ ಎತ್ತರ 1.36ರ ನಾಲ್ಕರಲ್ಲಿ ಐದು ಪಾಲು, ಎಂದರೆ 1.70 ಮೀಟರ್. ಆಳು ಮುಂದೆ ನಿಂತಿರಲಿ ಹಿಂದೆ ನಿಂತಿರಲಿ, ಉತ್ತರ ಬದಲಾಗದು. ಹಿನ್ನೆಲೆಯನ್ನು ಬಣ್ಣ ಬಳಿದು ಅಳಿಸಿದ ಚಿತ್ರಗಳಲ್ಲಿ ಮಾತ್ರ ದಿಗಂತವಿರುವುದಿಲ್ಲ. ಕುದುರೆಯ ಹಿಂದೆ ಲಾಯದ ಗೋಡೆಯೋ ಬೇಲಿಯೋ ಉಳಿದಿದ್ದರೆ, ನೆಲಕ್ಕೆ ಸಮಾನಾಂತರವಾಗಿ ದೂರ ಸಾಗುವ ಅದರ ಮೇಲಂಚು ಕೆಳಂಚುಗಳನ್ನು ಬೆಳೆಸಿ, ಅವು ಸಂಧಿಸುವ ಬಿಂದುವಿನ ಮೂಲಕ ದಿಗಂತರೇಖೆಯನ್ನು ಎಳೆದುಕೊಳ್ಳಬಹುದು.

ಕುದುರೆ ಓರೆಯಾಗಿ ನಿಂತಾಗ ತೊಡಕು ಬೇರೆ. ತಲೆ ಕ್ಯಾಮೆರಾದಿಂದ 3 ಮೀಟರ್, ಹಿಂಭಾಗ 5 ಮೀಟರ್ ದೂರವಿದ್ದರೆ ತಲೆಯ ಬಿಂಬ ಹಿಂಭಾಗದ ಬಿಂಬಕ್ಕಿಂತ ಮೂರರಲ್ಲಿ ಐದು ಪಾಲಿನಷ್ಟು ಹಿಗ್ಗಿರುತ್ತದೆ. ಎದೆ ವಿಶಾಲ, ತೊಡೆ ಬಡಕಲು ಎಂಬ ಭ್ರಮೆ ಹುಟ್ಟುತ್ತದೆ. ದೂರ ಸರಿದು 15 ಮೀಟರಿನಿಂದ ತೆಗೆದರೆ ಈ ಹಿಗ್ಗು ಶೇಕಡಾ 13ಕ್ಕೆ ಇಳಿಯುತ್ತದೆ. ಪಾರ್ಶ್ವಭಂಗಿಯನ್ನೇ ತಳಿಗಾರರು ಮೆಚ್ಚಿದುದು ಸಂಪ್ರದಾಯದ ಮೂಢತೆಯಿಂದಲ್ಲ. ಅಳತೆಗೆ ಯೋಗ್ಯವಾದ ಭಂಗಿ ಅದೊಂದೇ.

ಗಾತ್ರ ಹೆಚ್ಚಿದಷ್ಟೂ ಕಾಲು ದಪ್ಪವಾಗಬೇಕೆಂಬ ತತ್ತ್ವವನ್ನು ಗೆಲಿಲಿಯೋ 1638ರಲ್ಲಿಯೇ ಹೇಳಿದ್ದಾನೆ. ದಾಖಲೆಗಳಲ್ಲಿ ಅತ್ಯಂತ ಎತ್ತರದ ಕುದುರೆಯೆನಿಸಿದ ಸ್ಯಾಂಪ್ಸನ್ 1846ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರಿನಲ್ಲಿ ಹುಟ್ಟಿದ ಷೈರ್ ತಳಿಯದು. ಅದರ ಎತ್ತರ ಸುಮಾರು 2.19 ಮೀಟರ್, ತೂಕ 1524 ಕಿಲೋಗ್ರಾಂ ಎಂದು ಬರೆದಿಡಲಾಗಿದೆ. 1.60 ಮೀಟರ್ ಎತ್ತರದ, 500 ಕಿಲೋಗ್ರಾಂ ತೂಕದ ಕುದುರೆಯನ್ನೇ ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿಸಿದರೆ ಎತ್ತರ 1.37 ಮಡಿಯಾಗುವಾಗ ತೂಕ ಅದರ ಘನದಂತೆ, 2.6 ಮಡಿ ಆಗುತ್ತದೆ: 1300 ಕಿಲೋಗ್ರಾಂ. ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣವಾದರೋ ವರ್ಗದಂತೆ 1.9 ಮಡಿ ಮಾತ್ರ ಬೆಳೆಯುತ್ತದೆ. ಭಾರದ ತಳಿ ಹಿಗ್ಗಿಸಿದ ಪಂದ್ಯದ ಕುದುರೆಯಾಗಿರಲಾರದೆಂಬುದು ಇದರಿಂದ ಸ್ಪಷ್ಟ. ಚಿತ್ರ ನೋಡುವ ತಳಿಗಾರನ ಕಣ್ಣು ಮೊದಲು ಮೊಣಕಾಲಿನ ಕೆಳಗಿನ ಮೂಳೆಯ ಕಡೆಗೆ ಹೋಗುತ್ತಿದ್ದುದು ಸುಮ್ಮನೆಯಲ್ಲ.

ಯಾವ ಕುದುರೆಯ ಶಕ್ತಿ?

ತರಗತಿಯಲ್ಲಿ ಅಶ್ವಶಕ್ತಿಯ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು. ಯಾವ ಕುದುರೆ? ಜೇಮ್ಸ್ ವಾಟ್ ಸುಮಾರು 1783ರಲ್ಲಿ ಗಿರಣಿಯ ಕುದುರೆಯನ್ನು ಆಧಾರವಾಗಿ ತೆಗೆದುಕೊಂಡನು. ಅದು 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು ತಿರುಗುತ್ತ 180 ಪೌಂಡ್ ಬಲದಿಂದ ಎಳೆಯುತ್ತದೆಂದು ಎಣಿಸಿದನು. ಲೆಕ್ಕ ಮಾಡಿದರೆ ನಿಮಿಷಕ್ಕೆ 32,572 ಅಡಿ-ಪೌಂಡುಗಳಾಗುತ್ತವೆ. ಅದನ್ನು 33,000 ಎಂದು ದುಂಡಾಗಿಸಿದನು. ಇಂದಿನ ಮಾನದಲ್ಲಿ ಇದು 746 ವಾಟ್. ಸಾಮಾನ್ಯ ಕುದುರೆ ದಿನವಿಡೀ ಇಷ್ಟು ದುಡಿಯಲಾರದು. ಭಾರದ ತಳಿಯಾದರೆ ದುಡಿಯಬಲ್ಲದು. ಕುದುರೆ ತನ್ನ ತೂಕದ ಹತ್ತರಲ್ಲೊಂದು ಭಾಗದಷ್ಟು ಬಲದಿಂದ ಆಯಾಸವಿಲ್ಲದೆ ಗಂಟೆಗಟ್ಟಲೆ ಎಳೆಯಬಲ್ಲದೆಂಬುದು ಅನುಭವದ ಮಾತು. 800 ಕಿಲೋಗ್ರಾಮಿನ ಹೆಣ್ಣು ಕುದುರೆ 80 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ, ಸೆಕೆಂಡಿಗೆ 1.1 ಮೀಟರ್ ವೇಗದಲ್ಲಿ ಎಳೆದರೆ 862 ವಾಟ್, ಎಂದರೆ 1.16 ಅಶ್ವಶಕ್ತಿ.

ಕ್ಷಣಕಾಲದ ಎಳೆತ ಬೇರೆಯೇ. 1924ರಲ್ಲಿ ಇಂಗ್ಲೆಂಡಿನ ವೆಂಬ್ಲಿ ಪ್ರದರ್ಶನದಲ್ಲಿ ಒಂದು ಜೋಡಿ ಷೈರ್ ಕುದುರೆಗಳ ಎಳೆತ ಬಲಮಾಪಕದ ಗರಿಷ್ಠ ಅಂಕವನ್ನೂ ದಾಟಿತೆಂದೂ, ಅವು ಸುಮಾರು 50 ಟನ್ ಹೊರೆಯನ್ನು ಕದಲಿಸಬಲ್ಲವೆಂದು ಅಂದಾಜಿಸಲಾಯಿತೆಂದೂ ಹೇಳುತ್ತಾರೆ. ಇಂತಹ ಮಾತುಗಳನ್ನು ಓದಿ ಕುದುರೆ 50 ಟನ್ ಬಲವನ್ನು ಪ್ರಯೋಗಿಸಿತೆಂದು ಭಾವಿಸಿದರೆ ಪಾಠ ಕಲಿತುದು ವ್ಯರ್ಥ. ಚಕ್ರದ ಮೇಲಿರುವ ಹೊರೆಯನ್ನು ಎಳೆಯಲು ಉರುಳುಘರ್ಷಣೆಯನ್ನು ಮೀರಿದರೆ ಸಾಕು. ಅದು ಭಾರದ ಐವತ್ತರಲ್ಲೊಂದು ಭಾಗವಿದ್ದರೆ ಬೇಕಾದ ಬಲ 1 ಟನ್. ಎರಡು ಕುದುರೆಗಳ ಒಟ್ಟು ತೂಕ ಸುಮಾರು 1.8 ಟನ್, ಗೊರಸು ನೆಲವನ್ನು ಕಚ್ಚಿ ಹಿಡಿದರೆ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಬಲವನ್ನು ಕೆಲವು ಹೆಜ್ಜೆಗಳವರೆಗೆ ಪ್ರಯೋಗಿಸುವುದು ಅಸಂಭವವಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ಒಂದೇ ಕುದುರೆ 25–30 ಟನ್ನಿನ ದೋಣಿಯನ್ನು ಎಳೆಯುತ್ತಿತ್ತು. ಅಲ್ಲಿ ನೀರಿನ ತಡೆ ಇನ್ನೂ ಅಲ್ಪ.

ಹೊರೆಯ ತೂಕವನ್ನಲ್ಲದೆ ಬಲವನ್ನೇ ಅಳೆಯಬೇಕೆಂದು ಅಮೆರಿಕದ ಅಯೋವಾ ಸ್ಟೇಟ್ ಕಾಲೇಜಿನ ಇ. ವಿ. ಕಾಲಿನ್ಸ್ 1923ರಲ್ಲಿ ಬಂಡಿಯ ಮೇಲೆ ಕೂಡಿಸಿದ ಬಲಮಾಪಕವೊಂದನ್ನು ರಚಿಸಿದನು. ಪಂದ್ಯಗಳಲ್ಲಿ ಕುದುರೆಗಳ ಜೋಡಿ ಗೊತ್ತಾದ ಬಲದಿಂದ 27½ ಅಡಿ ದೂರ ಅದನ್ನು ಎಳೆಯಬೇಕಾಗಿತ್ತು. ಅಯೋವಾ ಜಾತ್ರೆಯ ಈ ಅಳತೆಗಳನ್ನು ಆಧಾರವಾಗಿಟ್ಟುಕೊಂಡು 1993ರಲ್ಲಿ ಸ್ಟೀವನ್ಸನ್ ಮತ್ತು ವಾಸರ್ಸಗ್ ಎಂಬ ಇಬ್ಬರು ಜೀವವಿಜ್ಞಾನಿಗಳು, ಒಂದು ಕುದುರೆ ಕೆಲವು ಸೆಕೆಂಡುಗಳ ಮಟ್ಟಿಗೆ ಸುಮಾರು 15 ಅಶ್ವಶಕ್ತಿಯನ್ನು ತೋರಬಲ್ಲದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಚಿತ್ರಗಳಿಂದ ತಿಳಿಯಬೇಕಾದುದು

ಟ್ರ್ಯಾಕ್ಟರುಗಳು ಬಂದ ಮೇಲೆ ಈ ತಳಿಗಳಿಗೆ ಕೆಲಸವಿಲ್ಲದಂತಾಯಿತು. 1966ರಲ್ಲಿ ಸಫೋಕ್ ತಳಿಯ ವಂಶಾವಳಿಯಲ್ಲಿ ದಾಖಲಾದ ಮರಿಗಳು 9 ಮಾತ್ರ. ಉಳಿದುಕೊಂಡ ತಳಿಗಳಲ್ಲಿಯೂ ಬೇಡಿಕೆಯ ಸ್ವರೂಪ ಬದಲಾಯಿತು. 1920ರ ದಶಕದ ಕ್ಲೈಡ್ಸ್‌ಡೇಲ್ ಮೈಗಟ್ಟಾದ, ಗಿಡ್ಡನೆಯ ಕುದುರೆ. 1940ರ ದಶಕದಿಂದ ಈಚೆಗೆ ಮೆರವಣಿಗೆಗೆ ಒಪ್ಪುವ ಎತ್ತರದ ಕುದುರೆಗಳನ್ನು ಆರಿಸಿ ಬೆಳೆಸಿದರು. ಉಳುವ ಕುದುರೆಯ ಹೆಸರು ಉಳಿದು ಅದರ ಕಟ್ಟು ಹೋಯಿತೇ ಎಂಬುದು ತಳಿಯನ್ನು ರಕ್ಷಿಸುವವರ ಮುಂದಿರುವ ನಿಜವಾದ ಪ್ರಶ್ನೆ.

ಹಳೆಯ ಚಿತ್ರಗಳು ಇದಕ್ಕೆ ಉತ್ತರವನ್ನು ಕೊಡಬಲ್ಲವು. ಅದಕ್ಕೆ ನಿಜವಾದ ಎತ್ತರವೂ ಬೇಕಾಗಿಲ್ಲ. ಪಾರ್ಶ್ವವಾಗಿ ನಿಂತ ಕುದುರೆಯ ಎದೆಯ ಆಳವನ್ನೂ, ಎದೆಯ ತಳದಿಂದ ನೆಲದವರೆಗಿನ ಕಾಲಿನ ಉದ್ದವನ್ನೂ ಅಡಿಕೋಲಿನಿಂದ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿರಿ. ಫಲಕಕ್ಕೆ ಸಮಾನಾಂತರವಾದ ಒಂದೇ ಸಮತಲದಲ್ಲಿರುವ ಎರಡು ಉದ್ದಗಳ ಪ್ರಮಾಣ ಕ್ಯಾಮೆರಾದ ದೂರವನ್ನಾಗಲಿ, ಮಸೂರವನ್ನಾಗಲಿ, ಮುದ್ರಣದ ಗಾತ್ರವನ್ನಾಗಲಿ ಅವಲಂಬಿಸದು. ಕುದುರೆ ಸಮತಲವಲ್ಲವೆಂಬ ಆಕ್ಷೇಪ ಸರಿಯಾದುದೇ. ಆದರೆ 10 ಮೀಟರ್ ದೂರದಿಂದ ನೋಡಿದಾಗ ಈಚೆಯ ಕಾಲಿಗೂ 40 ಸೆಂಟಿಮೀಟರ್ ಆಚೆಯ ಕಾಲಿಗೂ ಬರುವ ವ್ಯತ್ಯಾಸ ಶೇಕಡಾ 4. ಈಚೆಯ ಕಾಲನ್ನೇ ಅಳೆದರೆ ಅದೂ ತಪ್ಪುತ್ತದೆ. ಹುಲ್ಲಿನಲ್ಲಿ ಗೊರಸು ಮುಳುಗಿದ ಚಿತ್ರಗಳನ್ನು ಬಿಡಬೇಕು. ಕುಂಚದಿಂದ ತಿದ್ದಿದ ಗೆರೆಗಳನ್ನು ಭೂತಗನ್ನಡಿಯಿಂದ ಹುಡುಕಬೇಕು. ಮೂಲಚಿತ್ರದ ಕಣಗಳು ನಿಂತು ಬಣ್ಣದ ನುಣುಪು ಆರಂಭವಾಗುವ ಎಡೆ ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಇನ್ನು ಬಹುಮಾನ ಪಡೆದವುಗಳ ಚಿತ್ರಗಳೇ ಹೆಚ್ಚಾಗಿ ಉಳಿದಿರುವುದರಿಂದ, ದೊರೆತ ಸರಾಸರಿ ಅಂದಿನ ಹೊಲದ ಕುದುರೆಯದಲ್ಲ, ಅಂದಿನ ತೀರ್ಪುಗಾರನ ಅಭಿರುಚಿಯದು. ಈ ಪಕ್ಷಪಾತವನ್ನು ಯಾವ ಮಸೂರದ ಸೂತ್ರವೂ ನಿವಾರಿಸಲಾರದು.

ಒಂದೆಡೆ ಚಿತ್ರವನ್ನು ಎಲುಬಿನೊಡನೆ ತಾಳೆ ನೋಡುವ ಅವಕಾಶವಿದೆ. ಬ್ಯಾರನ್ ಆಫ್ ಬಕ್‌ಲೈವಿ ಎಂಬ ಕ್ಲೈಡ್ಸ್‌ಡೇಲ್ ಗಂಡುಕುದುರೆ 1911ರಲ್ಲಿ ಏರ್ ಪಟ್ಟಣದ ಹರಾಜಿನಲ್ಲಿ 9,500 ಪೌಂಡುಗಳಿಗೆ ಮಾರಾಟವಾಯಿತು. ಆ ಕಾಲಕ್ಕೆ ಅದು ಅದ್ಭುತವಾದ ಬೆಲೆ. 1914ರಲ್ಲಿ ಹೆಣ್ಣು ಕುದುರೆಯೊಂದು ಒದ್ದುದರಿಂದ ಅದರ ಕಾಲು ಮುರಿದು, ಅದನ್ನು ಕೊಲ್ಲಬೇಕಾಯಿತು. ಅದರ ಅಸ್ಥಿಪಂಜರ ಗ್ಲಾಸ್ಗೋ ನಗರದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದಲ್ಲಿದೆ; ಅದು ಬದುಕಿದ್ದಾಗ ತೆಗೆದ ಚಿತ್ರಗಳೂ ಇವೆ. ಮುಂಗಾಲಿನ ಮೂಳೆಯ ಉದ್ದವನ್ನು ಅಸ್ಥಿಪಂಜರದಲ್ಲಿ ಅಳೆದು, ಅದೇ ಕಾಲಿನ ಬಿಂಬವನ್ನು ಚಿತ್ರದಲ್ಲಿ ಅಳೆದರೆ, ಆ ಚಿತ್ರಕ್ಕೆ ಬೇಕಾದ ಮಾಪನಾಂಕ ದೊರೆಯುತ್ತದೆ.